ಕೂಲಿ ಕೊಟ್ಟ ಮೇಲೂ ಉಳಿಯುವ ಬಾಕಿ

ಯಾವುದಾದರೂ ಸರ್ಕಾರಿ ಕಟ್ಟಡದ ಮುಂದೆ ನಿಂತು ಅಲ್ಲಿ ನೆಟ್ಟ ಕಲ್ಲನ್ನು ಓದಿ ನೋಡಿ. ಶಂಕುಸ್ಥಾಪನೆ ಮಾಡಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ, ಘನ ಉಪಸ್ಥಿತಿ ಅಂತ ಉದ್ದದ ಪಟ್ಟಿ ಇರುತ್ತೆ. ಕೆಲವು ಕಡೆ ಗುತ್ತಿಗೆದಾರರ ಹೆಸರೂ ಸಿಗುತ್ತೆ. ಕಲ್ಲು ಹೊತ್ತವರ ಹೆಸರು ಮಾತ್ರ ಇರೋದಿಲ್ಲ. ನರೇಗಾದಲ್ಲಿ ಕಟ್ಟಿದ ಚೆಕ್ ಡ್ಯಾಮು, ಶಾಲೆ ಕಾಂಪೌಂಡಿನ ಪಕ್ಕದ ಫಲಕದಲ್ಲಿ ಅಂದಾಜು ಮೊತ್ತ ಎಷ್ಟು, ಮಾನವ ದಿನಗಳು ಎಷ್ಟು ಅಂತ ಬರೆದಿರುತ್ತಾರೆ. ದಿನಗಳ ಲೆಕ್ಕ ಸಿಗುತ್ತೆ. ಆ ಮಾನವರು ಯಾರು ಅಂತ ಗೊತ್ತಾಗಲ್ಲ.

ಕೂಲಿ ಕೊಟ್ಟಾಯ್ತಲ್ಲ, ಇನ್ನೇನು ಬಾಕಿ ಅಂತ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅದರ ಹಿಂದಿನ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಷ್ಟಕಾಲದಲ್ಲಿ ಸರ್ಕಾರ ಜನರಿಗೆ ಕೆಲಸ ಕೊಡುತ್ತಲ್ಲ, ಅದು ದಾನವೋ, ಪರೀಕ್ಷೆಯೋ, ಹಕ್ಕೋ?

ನಮ್ಮ ಹೊಂಗನೂರಿನ ಕಡೆಯವರು ಮೈಸೂರಿಗೆ ರೈಲಲ್ಲಿ ಹೋಗಬೇಕಾದರೆ ಚನ್ನಪಟ್ಟಣಕ್ಕೆ ಬರಬೇಕು. ಬೆಂಗಳೂರು–ಮೈಸೂರು ನಡುವಿನ ಈ ಹಳಿಗೆ ಮಣ್ಣು ಕೆಲಸ ನಡೆದದ್ದು 1876–78ರ ದೊಡ್ಡ ಬರದಲ್ಲಿ, ಬರ ಪರಿಹಾರದ ಕಾಮಗಾರಿಯಾಗಿ. ಹಿರಿಯರು ಅದನ್ನು ಧಾತು ಈಶ್ವರದ ಬರ ಅಂತಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ಹೊತ್ತಲ್ಲಿ ಹಸಿದವರು ಹೊತ್ತ ಮಣ್ಣಿನ ಮೇಲೆ 1881ರಲ್ಲಿ ಚನ್ನಪಟ್ಟಣಕ್ಕೆ ರೈಲು ಬಂತು.

ಆಗಿನ ಆಡಳಿತದ ದೃಷ್ಟಿಯಲ್ಲಿ ಕೆಲಸ ಅನ್ನೋದು ಒಂದು ಪರೀಕ್ಷೆ. ನಿಜವಾಗಿ ಹಸಿದಿದ್ದರೆ ಕಲ್ಲು ಒಡೆಯಲಿ, ಸುಳ್ಳು ಹಸಿವಾದರೆ ತಾನೇ ಓಡಿಹೋಗ್ತಾನೆ ಅನ್ನೋ ಲೆಕ್ಕ. ಪಕ್ಕದ ಮದರಾಸು ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ, ಜೊತೆಗೊಂದು ಪುಡಿಗಾಸಿಗೆ ಇಳಿಸಿದ. ಅಂದರೆ ಅರ್ಧ ಕೇಜಿಗೂ ಕಡಿಮೆ ಕಾಳು ತಿಂದು ದಿನವಿಡೀ ಮಣ್ಣು ಹೊರಬೇಕು. ಅಲ್ಲಿ ಬದುಕಿದವರು, ಸತ್ತವರು ಎಲ್ಲರೂ ಒಂದು ಲೆಕ್ಕದ ಪುಸ್ತಕದ ಅಂಕಿಗಳಾದರು.

ಈಗ 1930ರ ದಶಕಕ್ಕೆ ಬನ್ನಿ. ಜಗತ್ತಿನ ಎಲ್ಲ ಕಡೆ ಬೆಲೆ ಕುಸಿದಿತ್ತು. ನಮ್ಮ ಭಾಗದಲ್ಲಿ ಜಪಾನಿನ ಅಗ್ಗದ ರೇಷ್ಮೆ ಬಂದು ಗೂಡು ಬೆಳೆಯುವವರ ಬೆನ್ನು ಮುರಿದಿತ್ತು. ಅಮೆರಿಕದಲ್ಲಿ 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅಲ್ಲಿನ ಸರ್ಕಾರ 1935ರಿಂದ 1943ರವರೆಗೆ ಒಂದೇ ಯೋಜನೆಯಲ್ಲಿ ಸುಮಾರು 85 ಲಕ್ಷ ಜನಕ್ಕೆ ಕೆಲಸ ಕೊಟ್ಟು ರಸ್ತೆ, ಶಾಲೆ, ಸೇತುವೆ ಕಟ್ಟಿಸಿತು. ಇದರ ಜೊತೆ ಚಿತ್ರ ಬರೆಯೋರನ್ನೂ ಕೂಲಿಗೆ ತಗೊಂಡಿತು. ಇವರಿಗ್ಯಾಕೆ ಸರ್ಕಾರದ ದುಡ್ಡು ಅಂತ ಕೇಳಿದವರಿಗೆ, ಯೋಜನೆ ನಡೆಸುತ್ತಿದ್ದ ಹ್ಯಾರಿ ಹಾಪ್‌ಕಿನ್ಸ್ ಅವರಿಗೂ ಹೊಟ್ಟೆ ಇದೆಯಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟಿದ್ದ. 1934ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಯ್ಟ್ ಟವರಿನ ಒಳಗೋಡೆಗಳ ಮೇಲೆ ಇಂಥ ಕಲಾವಿದರು ಬರೆದದ್ದು ಹಣ್ಣು ಕೀಳುವವರನ್ನು, ಕಾರ್ಖಾನೆಯ ಆಳುಗಳನ್ನು, ಬೀದಿಯ ಜನರನ್ನು. ಆ ಯೋಜನೆಗಳಲ್ಲೂ ಕಪ್ಪು ಜನರಿಗೆ ಭೇದ ನಡೆದಿತ್ತು, ಮರೆಯೋದು ಬೇಡ. ಆದರೂ ದುಡಿಯುವವನ ಮುಖ ಸರ್ಕಾರಿ ಗೋಡೆಗೆ ಬಂತು.

ಅದೇ 1934ರಲ್ಲಿ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲೂ ಚಿತ್ರ ಬರೆಯೋಕೆ ಶುರು ಮಾಡಿದರು. ಫೋಟೋಗಳನ್ನು ನೋಡಿಕೊಂಡು ಆಸ್ಥಾನದ ಕಲಾವಿದರು 1945ರ ತನಕ ದಸರಾ ಮೆರವಣಿಗೆಯನ್ನು 26 ಚಿತ್ರಗಳಲ್ಲಿ ಬರೆದರು. ಅಪರೂಪದ ಕೆಲಸ, ಎರಡು ಮಾತಿಲ್ಲ. ಆದರೆ ಅಲ್ಲಿ ಜನ ಇರೋದು ಮೆರವಣಿಗೆ ನೋಡೋಕೆ. ಅದಕ್ಕೂ ಮುಂಚೆ, 1933ಕ್ಕೆ, ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿ–ಕುಮುದ್ವತಿ ಸೇರುವ ಕಡೆ ತಿಪ್ಪಗೊಂಡನಹಳ್ಳಿ ಜಲಾಶಯ ಮುಗಿದಿತ್ತು. ಅದು ಬರ ಪರಿಹಾರದ ಕಾಮಗಾರಿ ಅಲ್ಲ, ಬೆಂಗಳೂರಿನ ಬಾಯಾರಿಕೆಗೆ ಕಟ್ಟಿದ್ದು. ಅದಕ್ಕೆ ಚಾಮರಾಜಸಾಗರ ಅಂತ ಹೆಸರಾಯ್ತು. ಮಹಾರಾಜರ ಹೆಸರು ಕೆರೆಗೆ ಬರೋದರಲ್ಲಿ ತಪ್ಪೇನಿಲ್ಲ. ಕಲ್ಲು ಹೊತ್ತವರ ಹೆಸರಿಗೆ ಒಂದು ಮೂಲೆಯೂ ಇಲ್ಲದೆ ಹೋದದ್ದೇಕೆ ಅನ್ನೋದಷ್ಟೇ ಪ್ರಶ್ನೆ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: ಕಾಯಕ ಮಾಡೋನಿಗೆ ಹೆಸರಿನ ಹಂಗು ಯಾಕೆ? ಒಳ್ಳೆ ಮಾತು. ಆದರೆ ಹೆಸರು ಬೇಡ ಅನ್ನೋದು ದುಡಿದವನು ತಾನಾಗಿ ಬಿಡಬೇಕಾದ ಆಸೆ. ಉದ್ಘಾಟನೆಯ ಕಲ್ಲಲ್ಲಿ ತಮ್ಮ ಹೆಸರು ಕೆತ್ತಿಸಿಕೊಂಡವರು ಅವನಿಗೆ ವೈರಾಗ್ಯ ಬೋಧಿಸಿದರೆ ಚೆನ್ನಾಗಿರಲ್ಲ. ನಮ್ಮ ನಾಡಿನ ಕೆಲಸಗಾರರೇನೂ ಹೆಸರು ಬೇಡ ಅಂದವರಲ್ಲ. ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ದೇವರ ಗುಡಿಯಲ್ಲಿ ಸಲ್ಲುವುದು ಪಂಚಾಯ್ತಿ ಕಟ್ಟಡದಲ್ಲಿ ಯಾಕೆ ಸಲ್ಲಬಾರದು?

ಎರಡನೆಯದು ಇನ್ನೂ ಗಟ್ಟಿ: ಇವರೆಲ್ಲ ಕೂಲಿಗೆ ಬಂದಿದ್ದರು ಅಂತ ಊರ ಮುಂದೆ ಬರೆದರೆ ಅವಮಾನ ಆಗಲ್ವಾ? ಆಗಬಹುದು. ಆದರೆ ಆ ಅವಮಾನ ಎಲ್ಲಿಂದ ಬಂತು ನೋಡಿ. ಶಿಲ್ಪಿಗೆ ಹೆಸರು ಹೆಮ್ಮೆ, ಕೂಲಿಯವನಿಗೆ ಹೆಸರು ನಾಚಿಕೆ ಅಂತಾದರೆ, ನಾವು ಆ ಕೆಲಸವನ್ನು ಇನ್ನೂ ಭಿಕ್ಷೆ ಅಂತಲೇ ನೋಡ್ತಿದ್ದೇವೆ ಅಂತ ಅರ್ಥ. ಕೆರೆ ತೋಡಿದವರನ್ನೇ ಆ ಕೆರೆಯ ನೀರು ಮುಟ್ಟದ ಹಾಗೆ ದೂರ ಇಟ್ಟ ಊರುಗಳು ನಮ್ಮವು. ಕೆಲಸ ನಮಗೆ ಬೇಕು, ಮಾಡಿದವರು ಬೇಡ ಅನ್ನೋ ಹಳೇ ಅಭ್ಯಾಸ ಅದು.

2005ರ ಉದ್ಯೋಗ ಖಾತ್ರಿ ಕಾಯ್ದೆ ಈ ಅಭ್ಯಾಸಕ್ಕೆ ಎದುರು ನಿಂತಿತ್ತು. ವರ್ಷಕ್ಕೆ 100 ದಿನ ಕೆಲಸ, ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಭತ್ಯೆ ಕೊಡಬೇಕು ಅಂತ ಅದು ಬರೆಯಿತು. ಕೇಳೋದು ಬೇಡೋದಲ್ಲ ಅಂತ ಕಾನೂನು ಒಪ್ಪಿಕೊಂಡ ಹಾಗಾಯ್ತು. ಗುಂಡಿ ತೋಡಿ ಮುಚ್ಚೋ ಕೆಲಸ ಅಂತ ಆಡಿಕೊಂಡವರು ಇದ್ದಾರೆ, ಅಂಥ ಕೆಲಸ ನಡೆದದ್ದೂ ಉಂಟು. ಆದರೆ ಹೆಸರಿಲ್ಲದ ಕೆಲಸಕ್ಕೆ ಜವಾಬು ಹೇಳೋರೂ ಇರಲ್ಲ. ಇದು ನಾನು ಕಟ್ಟಿದ್ದು ಅಂತ ಮಗಳಿಗೆ ತೋರಿಸಬಹುದಾದ ಗೋಡೆಯನ್ನು ಯಾರೂ ಬೇಕಂತ ಸೊಟ್ಟಗೆ ಕಟ್ಟಲ್ಲ.

ಹೆಸರು ಹುಡುಕೋಕೆ ಕಷ್ಟವೇನಿಲ್ಲ. ಮಸ್ಟರ್ ರೋಲಿನಲ್ಲಿ ಪ್ರತಿಯೊಬ್ಬರ ಹೆಸರೂ ಇರುತ್ತೆ. ಕೂಲಿ ಲೆಕ್ಕಕ್ಕೆ ಬೇಕಾದ ಹೆಸರು ಗೋಡೆಗೆ ಮಾತ್ರ ಬೇಡವಾಗುತ್ತೆ. ಒಪ್ಪಿದವರ ಹೆಸರನ್ನು, ಅವರನ್ನು ಕೇಳಿಕೊಂಡು, ಒಂದು ಡಬ್ಬಿ ಬಣ್ಣದಲ್ಲಿ ಬರೆಸಬಹುದು. ಒಲ್ಲದವರದ್ದು ಬಿಡೋಣ. ಕೂಲಿ ಬದಲಿಗೆ ಹೆಸರು ಅಂತ ಅಲ್ಲ. ಕೂಲಿ ಹೊತ್ತಿಗೆ ಸರಿಯಾಗಿ ಬರಲೇಬೇಕು, ಆಮೇಲೆ ಹೆಸರು. ಕೂಲಿ ಕೊಟ್ಟರೆ ಅವರ ಹೊತ್ತಿನ ಊಟದ ಲೆಕ್ಕ ಮುಗಿಯುತ್ತೆ. ಗೋಡೆ ಮುಂದಿನ ಐವತ್ತು ವರ್ಷ ನಮ್ಮ ಮಕ್ಕಳಿಗೆ ನೆರಳು ಕೊಡುತ್ತಲ್ಲ, ಬಾಕಿ ಇರೋದು ಅದರದ್ದು.