ಉದುರಿದ ಅಡಿಕೆಯ ಹಣ

ಸಹೋದರರೇ, ನೀವು ಮಾರಿಸ್‌ವಿಲ್‌ನಲ್ಲಿದ್ದೀರಿ. ತೀರ್ಥಹಳ್ಳಿ ಕಡೆಯ ನಿಮ್ಮ ಅಡಿಕೆ ತೋಟ ಚೇಣಿಗೆ ಹೋಗಿದೆ ಎನ್ನೋಣ. ಬಿಡದ ಮಳೆಯಲ್ಲಿ ಶೇ. 1ರ ಬೋರ್ಡೋ ದ್ರಾವಣ ಹೊಡೆಯಲಾಗಲಿಲ್ಲ. ಕೊಳೆರೋಗ ಬಂತು, ಕಾಯಿ ಉದುರಿತು. ಈ ರಮಝಾನ್‌ನಲ್ಲಿ ಚೇಣಿದಾರನ ಫೋನ್: “ಬಾಕಿ ಸ್ವಲ್ಪ ಬಿಡಿ ಸಾಹೇಬ್ರೇ.”

ಆಡಿದ ಮಾತಿಗೆ ಬೆಲೆ ಬೇಡವೇ ಎಂದು ನಿಮಗೆ ಅನಿಸಬಹುದು. ಮಾರಿದ ಹಣ್ಣಿಗೆ ವಿಪತ್ತು ಬಡಿದರೆ ಹಣ ಬಿಟ್ಟುಕೊಡಲು ಪ್ರವಾದಿ(ಸ) ಆಜ್ಞಾಪಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಮೂರನೇ ಒಂದು ಭಾಗ ಹಾಳಾದರೆ ಬಿಡಲೇಬೇಕೆಂದರು ಇಮಾಮ್ ಮಾಲಿಕ್. ಹನಫಿ, ಶಾಫಿಈ ಮದ್‌ಹಬ್‌ಗಳಲ್ಲಿ ಕಡ್ಡಾಯವಲ್ಲ, ಪುಣ್ಯ. ಹಾಗಾಗಿ ಕೇಳುವ ಹಕ್ಕು ನಿಮಗಿದೆ. ಆದರೆ ಮರಗಳು ನಿಮ್ಮಲ್ಲೇ ಉಳಿದವು. ಹೋದದ್ದು ಅವನ ವರ್ಷದ ದುಡಿಮೆ.

ಬಿಟ್ಟ ಬಾಕಿಯನ್ನು ಝಕಾತ್ ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೇರೆ. ಅವನೇ ಮತ್ತೆ ಫೋನ್ ಮಾಡಲೆಂದು ಕಾಯಲೂಬೇಡಿ.