ಅರ್ಧ ಮಾಡಿದ ಪುಟವನ್ನೇ ತೋರಿಸಿ

ವೆಬ್ ವಿನ್ಯಾಸ ಕಲಿಯುವವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ನನಗೂ ಪೂರ್ತಿ ಬಿಟ್ಟಿಲ್ಲ. ಯಾರಾದರೂ ಹಿಂದೆ ಬಂದು ನಿಂತರೆ ಸಾಕು, ಲ್ಯಾಪ್‌ಟಾಪ್ ಮುಚ್ಚಲು ಕೈ ಹೋಗುತ್ತದೆ. "ಮುಗೀಲಿ, ಆಮೇಲೆ ತೋರಸ್ತೀನಿ." ಮುಗಿಯುವುದು ಯಾವಾಗ? ಬಣ್ಣ ಬದಲಿಸಿ, ಫಾಂಟ್ ಬದಲಿಸಿ, ಮತ್ತೆರಡು ಯೂಟ್ಯೂಬ್ ಪಾಠ ನೋಡಿ, ಕೊನೆಗೆ ಆ ಪುಟವೇ ಬೇಸರವಾಗಿ ಹೊಸದೊಂದನ್ನು ಶುರು ಮಾಡುತ್ತೇವೆ. ಇದಕ್ಕೆ ಶ್ರದ್ಧೆ ಎಂಬ ದೊಡ್ಡ ಹೆಸರು ಬೇಡ. ಇದು ಬರೀ ಅಂಜಿಕೆ.

ಹೊಲದ ಕೆಲಸಕ್ಕೆ ಮುಯ್ಯಾಳು ಎಂಬ ಪದ್ಧತಿ ಇದೆಯಲ್ಲ, ಅದನ್ನು ನೆನೆಯಿರಿ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಇಬ್ಬರ ಮನಸ್ಸಿನಲ್ಲೂ ಇರುತ್ತದೆ. ಬಂದವರು ಕೆಲಸ ಮಾಡುತ್ತಲೇ "ಇಷ್ಟು ಕಳೆ ಯಾಕ ಬಿಟ್ಟೀರಿ?" ಎಂದು ಅನ್ನದೆ ಬಿಡುವುದಿಲ್ಲ, ಅನ್ನಿಸಿಕೊಂಡವರು ಮುನಿಸಿಕೊಳ್ಳುವುದೂ ಇಲ್ಲ, ಏಕೆಂದರೆ ನಾಳೆ ಅನ್ನುವ ಸರದಿ ಅವರದೇ. ಕಳೆ ಇದ್ದಾಗಲೇ ಆಳು ಬೇಕು. ಎಲ್ಲ ಕಿತ್ತ ಮೇಲೆ ನೆರೆಯವರನ್ನು ಕರೆದು ಏನು ಮಾಡಿಸುತ್ತೀರಿ? ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಊರುಗಳು, ನಡುವೆ ಮಸ್ಕಿ. ಊರಿಗೊಬ್ಬರಂತೆ ಮೂವರು ಕಲಿಯುವವರು ಅಲ್ಲಿ ಕೂಡಿದರೆ ಮುಯ್ಯಿ ಶುರುವಾದಂತೆಯೇ.

ಸಿಂಧನೂರಿನ ಒಬ್ಬ ಅಕ್ಕಿ ವ್ಯಾಪಾರಿಗೆ ಪುಟ ಮಾಡಿದ್ದೀರಿ ಎನ್ನಿ. ಅವರ ಕೈಗೇ ಫೋನ್ ಕೊಟ್ಟು ಬಾಯಿ ಮುಚ್ಚಿ ಕೂರಿ. "ತಮ್ಮಾ, ನಂಬರ್ ಎಲ್ಲೈತೋ?" ಎಂದು ಕೇಳಿದರೆ ಮುಗಿಯಿತು, ನಿಮ್ಮ ಓಡಾಡುವ ಚಿತ್ರಗಳೆಲ್ಲ ದಂಡ. ನಂಬರ್ ಮೊದಲ ಪರದೆಯಲ್ಲೇ ಇರಬೇಕು, ಒತ್ತಿದರೆ ಕರೆ ಹೋಗಬೇಕು. ಬಿಳಿ ಹಿನ್ನೆಲೆಯ ಮೇಲೆ ತೆಳು ಹಳದಿ ಅಕ್ಷರ ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಯಾರಿಗೆ ಕಂಡೀತು? ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಲಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಸುಮ್ಮನೆ ಅಲ್ಲ. ಕನ್ನಡದ್ದು ಬೇರೆಯೇ ಫಜೀತಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ನಿನೊಳಗಾದರೆ ಅರ್ಧ ಕತ್ತರಿಸಿ ಹೋಗುತ್ತವೆ. ಅಂತರವನ್ನು ಅಕ್ಷರದ ಒಂದೂವರೆ ಪಟ್ಟು ಮಾಡಿ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಿದರಂತೂ ಓದುಗರಿಗೂ ಸಿಗದು, ಹುಡುಕಾಟಕ್ಕೂ ಸಿಗದು. ಇವನ್ನೆಲ್ಲ ಮಾಡಿದವರ ಕಣ್ಣು ಹಿಡಿಯುವುದಿಲ್ಲ, ಎದುರು ಕೂತವರ ಕಣ್ಣು ಹಿಡಿಯುತ್ತದೆ.

ಈ ವೆಬ್ಬೇ ಹಂಚಿಕೊಂಡು ಬೆಳೆದದ್ದು. ಟಿಮ್ ಬರ್ನರ್ಸ್-ಲೀ ಕಟ್ಟಿದ ಇದನ್ನು ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಯಾವ ಪುಟದ ಸೋರ್ಸ್ ಬೇಕಾದರೂ ಬ್ರೌಸರಿನಲ್ಲೇ ತೆರೆದು ನೋಡಬಹುದು. ಹೀಗಿರುವಾಗ ನಾವು ಮಾತ್ರ ನಮ್ಮ ನಾಲ್ಕು ಸಾಲು ಕೋಡನ್ನು ಬಚ್ಚಿಟ್ಟುಕೊಳ್ಳುವುದೇ?

ಮಸ್ಕಿಗೆ ಹೋದವರು ಅಶೋಕನ ಬಂಡೆಶಾಸನವನ್ನೂ ನೋಡಿ ಬನ್ನಿ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡದ್ದು. ದೇವಾನಾಂಪಿಯ ಎನ್ನುವ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಓದಿಗೆ ಸಿಕ್ಕಿದ್ದು ಅಲ್ಲೇ. ಧರ್ಮದ ಸಾಧನೆ ದೊಡ್ಡವರಿಗಷ್ಟೇ ಸಾಧ್ಯ ಎಂದುಕೊಳ್ಳಬೇಡಿ, ಸಣ್ಣವರಿಗೂ ಸಾಧ್ಯ, ಇಬ್ಬರಿಗೂ ತಿಳಿಸಿ ಎಂಬುದು ಅದರ ಒಂದು ತಾತ್ಪರ್ಯ. ಅಗ್ಗದ ಫೋನಿನವರನ್ನು, ಕಣ್ಣು ಮಂಜಾದವರನ್ನು ಮರೆತು ಪುಟ ಕಟ್ಟುವ ನಮಗೆ ಅದು ಸ್ವಲ್ಪ ಚುಚ್ಚಬೇಕು.

ಮಾಡಬೇಕಾದ್ದು ಹೆಚ್ಚೇನಿಲ್ಲ. ವಾರಕ್ಕೊಮ್ಮೆ ಕೂಡಿ, ಆಗದಿದ್ದರೆ ವಿಡಿಯೊ ಕರೆ. ಒಬ್ಬರ ಪುಟ, ಉಳಿದವರ ಕಣ್ಣು. "ಚೆನ್ನಾಗಿದೆ" ಎನ್ನುವುದು ನಿಷಿದ್ಧ. ಏನು ಹುಡುಕಿದೆ, ಎಲ್ಲಿ ಸಿಕ್ಕಿಕೊಂಡೆ ಎಂದಷ್ಟೇ ಹೇಳಿ. ಮಾಡಿದವರು ಸಮರ್ಥಿಸಿಕೊಳ್ಳದೆ ಬರೆದುಕೊಳ್ಳಲಿ (ಕಷ್ಟದ ಭಾಗ ಇದೇ). ಚಿತ್ರಗಳಿಗೆ ವಿವರಣೆ ಬರೆಯಿರಿ, ಗಾತ್ರ ಇಳಿಸಿ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ತೆರೆದು ನೋಡಿ. ತಿದ್ದಿದ್ದನ್ನು ಮುಂದಿನ ವಾರ ತೋರಿಸಿ.

ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅರ್ಧಕ್ಕೆ ನಿಂತ ಪುಟ ಒಂದಾದರೂ ಇದ್ದೇ ಇರುತ್ತದೆ. ಅದನ್ನು ಇವತ್ತೇ ಇಬ್ಬರಿಗೆ ಕಳಿಸಿ, ಅವರ ಪುಟವನ್ನೂ ಕೇಳಿ ತರಿಸಿಕೊಳ್ಳಿ.