ಇಂದಿನ ಧಮ್ಮ ಚಿಂತನೆ: ತಪ್ಪಿದ ಚೆಂಡು ಮತ್ತು ಹಣೆಬರಹ





ಇವತ್ತಿನ ವಿಷಯ ನೋಡಿ ಹಿರಿಯರು ಮುಖ ಸಿಂಡರಿಸಬಹುದು. ಪೂಲ್ ಆಟದ ಬಗ್ಗೆ ಬರೆಯುತ್ತಿದ್ದೇನೆ. ಬಟ್ಟೆ ಹೊದಿಸಿದ ದೊಡ್ಡ ಮೇಜು, ಆರು ಕಿಸೆ, ಉದ್ದನೆಯ ಕೋಲು, ಬಣ್ಣದ ಚೆಂಡು. ಸಿನಿಮಾದ ಖಳನಾಯಕರು ಸಿಗರೇಟು ಕಚ್ಚಿಕೊಂಡು ಆಡುವುದನ್ನಷ್ಟೇ ನೋಡಿದವರು ನಾವು. ಆದರೆ ಹೊಸಪೇಟೆ, ದಾವಣಗೆರೆ, ಬೆಂಗಳೂರಿಗೆ ಹೋದ ನಮ್ಮ ಹುಡುಗರು ಆಡುತ್ತಿದ್ದಾರೆ. ಅವರ ಮಾತನ್ನೂ ಧಮ್ಮದ ಬೆಳಕಿನಲ್ಲಿ ನೋಡಬೇಕಲ್ಲವೇ?

ಕಳೆದ ತಿಂಗಳು ಕೊಟ್ಟೂರು ಕಡೆಯ, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಬಳಗದ ಒಬ್ಬ ಹುಡುಗ ಹೀಗೆ ಬರೆದಿದ್ದ: "ಅಣ್ಣಾ, ಎಂಟು ತಿಂಗಳಿಂದ ಪೂಲ್ ಆಡ್ತಿದೀನಿ. ಕಣ್ಣೆದುರಿನ ಚೆಂಡೂ ಬೀಳಲ್ಲ. ಪರೀಕ್ಷೆನೂ ಎರಡು ಸಲ ಹೋಯ್ತು. ನನ್ನ ಹಣೆಬರಹಾನೇ ಇಷ್ಟು." ಕೆಳಗೆ ಮೂರ್ನಾಲ್ಕು ಜನ ಬುದ್ಧಿ ಹೇಳಿದರು. ಮೊದಲು ಆ ಆಟ ಬಿಡು ಅಂದರು, ದುಡ್ಡು ಹಾಳು ಅಂದರು. ಕೊನೆಯ ಮಾತನ್ನು ಮಾತ್ರ ಯಾರೂ ಹಿಡಿಯಲಿಲ್ಲ. ನನಗೆ ಚುಚ್ಚಿದ್ದು ಅದೇ.

ಈ ಹುಡುಗ ದೀಕ್ಷೆ ತೆಗೆದುಕೊಂಡವನು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದು, ಜನರಿಗೆ ಕೊಟ್ಟ 22 ಪ್ರತಿಜ್ಞೆಗಳನ್ನು ನಮ್ಮ ಜೊತೆ ಒಂದೇ ಸಾಲಿನಲ್ಲಿ ನಿಂತು ಹೇಳಿದವನು. ಅದರಲ್ಲಿ ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಕುರಿತದ್ದು. ಹಣೆಬರಹ ಬರೆಯುವವನು ಬ್ರಹ್ಮ ಅಂತ ತಾನೇ ಜನ ಹೇಳುವುದು? ಬ್ರಹ್ಮನನ್ನು ಬಿಟ್ಟ ಮೇಲೆ ಅವನ ಕೈಬರಹವನ್ನು ಯಾಕೆ ಇಟ್ಟುಕೊಂಡಿದ್ದೇವೆ? ಅವನೊಬ್ಬನನ್ನೇ ಅನ್ನುತ್ತಿಲ್ಲ. ಮಗಳ ಮದುವೆ ತಡವಾದಾಗ ನನ್ನ ಬಾಯಿಂದಲೂ ಆ ಮಾತು ಬಂದಿತ್ತು.

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಕಮ್ಮದ ವಿಷಯವನ್ನು ಎಷ್ಟು ಬಿಡಿಸಿ ಬರೆದಿದ್ದಾರೆ ಅನ್ನುವುದು ಓದಿದವರಿಗೆ ಗೊತ್ತು. ಹಿಂದಿನ ಜನ್ಮದ ಕರ್ಮದಿಂದ ನೀನು ಇಂಥ ಸ್ಥಿತಿಯಲ್ಲಿ ಹುಟ್ಟಿದೆ ಎಂಬ ವಾದವನ್ನು ಅವರು ಒಪ್ಪುವುದಿಲ್ಲ. ಅದು ಬಡವನ ಕಷ್ಟಕ್ಕೆ ಬಡವನನ್ನೇ ಹೊಣೆ ಮಾಡಿ, ಉಳಿದವರ ಕೈ ತೊಳೆಯುವ ಮಾತು. ಕಾರಣ ಇದೆ, ಆದರೆ ಅದನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಹುಡುಕಬೇಕು.

ಹೋದ ವಾರ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದೆ. ಸಂಜೆ ಅವನ ಜೊತೆ ಆಟದ ಜಾಗಕ್ಕೂ ಹೋದೆ. ನನಗೆ ಗೊತ್ತಿರುವುದು ಕೇರಂ ಮಾತ್ರ. ಅಲ್ಲಿ ನಲವತ್ತು ವರ್ಷದಿಂದ ಆಡುತ್ತಿದ್ದ ಒಬ್ಬ ಹಿರಿಯರಿದ್ದರು. ಹುಡುಗನ ಆಟವನ್ನು ಐದು ನಿಮಿಷ ನೋಡಿ, ಅವನ ಮೊಬೈಲ್ ಇಸಿದುಕೊಂಡು, ಹಿಂದೆ ನಿಂತು ವಿಡಿಯೊ ಮಾಡಿ ತೋರಿಸಿದರು. ಹುಡುಗನ ಮುಖ ನೋಡಬೇಕಿತ್ತು! ಕೋಲನ್ನು ನೇರವಾಗಿ ತಳ್ಳುತ್ತಿದ್ದೇನೆ ಅಂತ ಎಂಟು ತಿಂಗಳು ನಂಬಿದ್ದ. ವಿಡಿಯೊದಲ್ಲಿ ನೋಡಿದರೆ ಮೊಣಕೈ ಪ್ರತಿಸಲವೂ ಪಕ್ಕೆಯಿಂದ ಹೊರಗೆ ಹೋಗುತ್ತಿದೆ. ಚೆಂಡು ಹೊರಡುವ ಮೊದಲೇ ತಲೆ ಮೇಲೇಳುತ್ತಿದೆ. ಮುಷ್ಟಿ ಬಿಗಿದು ಗೆಣ್ಣು ಬೆಳ್ಳಗಾಗಿದೆ.

ಆ ಹಿರಿಯರು ಹೇಳಿಕೊಟ್ಟಿದ್ದನ್ನು ಆಡುವ ಮಕ್ಕಳಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಹೊಡೆಯಬೇಕಾದ ಗೆರೆಯನ್ನು ನಿಂತೇ ನೋಡಿಕೊಳ್ಳಬೇಕು, ಬಾಗಿದ ಮೇಲೆ ಹುಡುಕಬಾರದು. ಬಲಗೈ ಆಟಗಾರನ ಬಲಗಾಲು ಆ ಗೆರೆಯ ಮೇಲೆ ಬರಬೇಕು, ಎಡಗಾಲು ಸ್ವಲ್ಪ ಮುಂದೆ, ಪಕ್ಕಕ್ಕೆ. ಯಾರಾದರೂ ಭುಜ ತಳ್ಳಿದರೂ ಅಲುಗಾಡದ ಹಾಗೆ ನಿಲುವು. ಎಡಗೈ ಮೇಜಿನ ಮೇಲೆ ಗಟ್ಟಿಯಾಗಿ ಕೂರಬೇಕು, ಬೆರಳು ಹರಡಿ, ಹೆಬ್ಬೆರಳು ಎತ್ತಿ ಮಾಡಿದ ಸಂದಿಯಲ್ಲಿ ಕೋಲು ಜಾರಬೇಕು. ಮೊಣಕೈ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಲ್ಲೇ ಇದ್ದು, ಅದರ ಕೆಳಗಿನ ತೋಳು ಮಾತ್ರ ಗಡಿಯಾರದ ಲೋಲಕದಂತೆ ಆಡಬೇಕು. ಕೋಲು ಚೆಂಡಿಗೆ ತಾಗುವಾಗ ಆ ತೋಳು ನೆಟ್ಟಗೆ ನೆಲ ನೋಡುತ್ತಿರಬೇಕು. ಹಿಂದಕ್ಕೆ ಎಳೆದಾಗ ಒಂದು ಕ್ಷಣ ನಿಲ್ಲಿಸಿ, ಕಣ್ಣನ್ನು ಬೀಳಿಸಬೇಕಾದ ಚೆಂಡಿನ ಮೇಲೆ ಇಟ್ಟು, ಆಮೇಲೆ ಹೊಡೆತ. ಹೊಡೆದ ಮೇಲೂ ಬಾಗಿಯೇ ಇರಬೇಕು. ಇಷ್ಟೇ. ಹೇಳಲು ಐದು ನಿಮಿಷ, ಕೂಡಿಸಲು ವರ್ಷಗಳು.

ಒಂದು ಪರೀಕ್ಷೆಯನ್ನೂ ತೋರಿಸಿದರು. ಬಿಳಿ ಚೆಂಡೊಂದನ್ನೇ ಮೇಜಿನ ನಡುಗೆರೆಯ ಮೇಲೆ ಇಟ್ಟು, ಎದುರಿನ ಅಂಚಿಗೆ ನೇರ ಹೊಡೆಯಬೇಕು. ಹೊಡೆತ ಚೆಂಡಿನ ನಟ್ಟ ನಡುವೆ ಬಿದ್ದಿದ್ದರೆ ಚೆಂಡು ಹೋಗಿ, ತಿರುಗಿ ಬಂದು ನಮ್ಮ ಕೋಲಿನ ತುದಿಗೇ ಮುಟ್ಟುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ತಾಗಿದ್ದರೂ ಬೇರೆ ದಾರಿ ಹಿಡಿಯುತ್ತದೆ. ಹುಡುಗ ಹತ್ತು ಸಲ ಹೊಡೆದ. ಒಂದು ಸಲ ಬಂತು.

ಹೊಡೆತ ಒಂದೇ ಒಂದು ಡಿಗ್ರಿ ತಪ್ಪಿದರೆ ನಾಲ್ಕು ಅಡಿ ದೂರದಲ್ಲಿ ಚೆಂಡು ಮುಕ್ಕಾಲು ಇಂಚಿಗಿಂತ ಹೆಚ್ಚು ಆಚೆ ಹೋಗಿರುತ್ತದೆ. ನಾವು ತಪ್ಪನ್ನು ನೋಡುವುದು ಅಲ್ಲಿ, ಕಿಸೆಯ ಬಾಯಲ್ಲಿ. ಆಗಿದ್ದು ಇಲ್ಲಿ, ಮೊಣಕೈಯಲ್ಲಿ.

ಈಗ ಸುತ್ತಕ್ಕೆ ಬರೋಣ. ಮಜ್ಝಿಮ ನಿಕಾಯದ 128ನೆಯದು ಉಪಕ್ಕಿಲೇಸ ಸುತ್ತ. ಕೋಸಂಬಿಯ ಭಿಕ್ಖುಗಳು ಜಗಳವಾಡಿ ಮಾತು ಕೇಳದಿದ್ದಾಗ ಭಗವಾನರು ಅವರನ್ನು ಬಿಟ್ಟು ಹೊರಟು, ಅನುರುದ್ಧ, ನಂದಿಯ, ಕಿಂಬಿಲರು ಹೊಂದಿಕೊಂಡು ಬಾಳುತ್ತಿದ್ದ ವನಕ್ಕೆ ಬರುತ್ತಾರೆ. ಆ ಮೂವರಿಗೆ ಒಂದು ತೊಂದರೆ. ಧ್ಯಾನದಲ್ಲಿ ಬೆಳಕು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಯಾಕೆ ಅಂತ ಗೊತ್ತಾಗುವುದಿಲ್ಲ. ಆಗ ಭಗವಾನರು, ಬೋಧಿಗೆ ಮೊದಲು ನನಗೂ ಹಾಗೇ ಆಗುತ್ತಿತ್ತು ಅನ್ನುತ್ತಾರೆ. ನೋಡಿ, ಎಂಥ ಗುರು! ಮಾಯವಾದ ಪ್ರತಿಸಲವೂ ಅವರು ತಮ್ಮನ್ನೇ ಕೇಳಿಕೊಂಡದ್ದು, ಇದಕ್ಕೆ ಕಾರಣವೇನು ಅಂತ. ಒಂದು ಸಲ ಸಂಶಯ ಕಾರಣವಾಗಿತ್ತು, ಒಂದು ಸಲ ಗಮನವಿಲ್ಲದಿರುವುದು, ಒಂದು ಸಲ ಜಡತೆ, ಒಂದು ಸಲ ಭಯ, ಒಂದು ಸಲ ಹಿಗ್ಗು. ಹೀಗೆ ಹನ್ನೊಂದು ಕಾರಣಗಳನ್ನು ಒಂದೊಂದಾಗಿ ಹುಡುಕಿ, ಒಂದೊಂದಾಗಿ ಸರಿಪಡಿಸಿಕೊಂಡರು. ಎಲ್ಲೂ ಹಣೆಯ ಕಡೆ ಕೈ ತೋರಿಸಲಿಲ್ಲ.

ಆ ಹನ್ನೊಂದರಲ್ಲಿ ಎರಡಕ್ಕೆ ಕೊಟ್ಟ ಉಪಮೆ ಈ ಆಟಕ್ಕೆಂದೇ ಹೇಳಿದಂತಿದೆ. ಅತಿಯಾದ ಪ್ರಯತ್ನವೆಂದರೆ ಲಾವಕ್ಕಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ ಹಾಗೆ, ಅದು ಅಲ್ಲೇ ಸಾಯುತ್ತದೆ. ಪ್ರಯತ್ನ ಸಾಲದಿದ್ದರೆ ಸಡಿಲ ಹಿಡಿದ ಹಾಗೆ, ಹಾರಿಹೋಗುತ್ತದೆ. ಕೋಲಿನ ಹಿಡಿತವೂ ಇದೇ. ಬಿಗಿದರೆ ಮಣಿಕಟ್ಟು ತಿರುಗಿ ಗೆರೆ ಕೆಡುತ್ತದೆ, ಬಿಟ್ಟರೆ ಕೋಲೇ ಅಲೆಯುತ್ತದೆ. ನಮ್ಮ ಹುಡುಗ ಪರೀಕ್ಷೆಗೆ ಓದುವುದೂ ಹೀಗೇ. ಅರ್ಜಿ ಕರೆದ ತಿಂಗಳು ರಾತ್ರಿಯೆಲ್ಲ ನಿದ್ದೆಗೆಟ್ಟು ಹಕ್ಕಿಯನ್ನು ಅದುಮುತ್ತಾನೆ, ಆಮೇಲೆ ಆರು ತಿಂಗಳು ಪುಸ್ತಕ ಮುಟ್ಟುವುದಿಲ್ಲ.

ಹಿಗ್ಗಿನ ಬಗ್ಗೆಯೂ ಒಂದು ಮಾತು. ಒಂದು ನಿಧಿ ಹುಡುಕಿದವನಿಗೆ ಒಮ್ಮೆಗೇ ಐದು ಸಿಕ್ಕ ಹಾಗೆ ಅಂತ ಸುತ್ತದಲ್ಲಿದೆ. ಮೂರು ಚೆಂಡು ಸಾಲಾಗಿ ಬಿದ್ದ ಮೇಲೆ ನಾಲ್ಕನೆಯದನ್ನು ತಪ್ಪಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಂಗಳೂರಿನಲ್ಲಿ ಬೆಳೆದು, ಅರವಿಂದ್ ಸವೂರ್ ಅವರ ಬಳಿ ಕಲಿತು, 2003ರಲ್ಲಿ 18ನೇ ವಯಸ್ಸಿಗೇ ಅಮೆಚೂರ್ ವಿಶ್ವ ಸ್ನೂಕರ್ ಗೆದ್ದ ಪಂಕಜ್ ಅಡ್ವಾಣಿ ಅವರ ಆಟದ ವಿಡಿಯೊ ನೋಡಿ. ಚೆಂಡನ್ನು ನೋಡಬೇಡಿ, ಅವರ ತಲೆಯನ್ನು ನೋಡಿ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಯಾಕೆಂದರೆ ಅವತ್ತು ಹುಡುಗ ಇನ್ನೊಂದು ಮಾತು ಹೇಳಿದ್ದ, ಈ ಮೇಜೇ ಸರಿ ಇಲ್ಲ ಅಂತ. ನೆಪ ಅಂದುಕೊಂಡೆ. ಹಿರಿಯರು ನಗಲಿಲ್ಲ. ಚೆಂಡೊಂದನ್ನು ಮೆಲ್ಲಗೆ ಉರುಳಿಸಿದರು. ಅರ್ಧ ದಾರಿಯವರೆಗೆ ನೆಟ್ಟಗೆ ಹೋಗಿ, ವೇಗ ಕಡಿಮೆಯಾದ ಹಾಗೆ ಎಡಕ್ಕೆ ವಾಲಿತು. ಮತ್ತೆ ಉರುಳಿಸಿದರು, ಮತ್ತೆ ಎಡಕ್ಕೇ. ಮೇಜು ನಿಜವಾಗಿಯೂ ವಾಲಿತ್ತು.

ಅದನ್ನು ನೋಡಿ ನನಗೆ ಪಾಲ್ವಂಕರ್ ಬಾಲೂ ನೆನಪಾದರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಸಮುದಾಯದಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ಉರುಳೆ ಹೊಡೆಯುವ ಕೆಲಸ. ಅಭ್ಯಾಸಕ್ಕೆ ದೊರೆಗಳಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಬೇಕು, ಬ್ಯಾಟ್ ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಮುಂದೆ ಹಿಂದೂ ತಂಡಕ್ಕೆ ಆಡುವಾಗ ಜೊತೆಯವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ, ಇವರು ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದರು. ಮೇಜು ಎಷ್ಟು ವಾಲಿತ್ತು ನೋಡಿ. ಆದರೂ ಎಡಗೈ ಸ್ಪಿನ್ನನ್ನು ಚೆಂಡಿನಿಂದ ಚೆಂಡಿಗೆ ತಿದ್ದಿಕೊಳ್ಳುತ್ತಾ ಹೋದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್. ತರುಣ ಅಂಬೇಡ್ಕರರು ಮೆಚ್ಚಿಕೊಂಡಿದ್ದ ಆಟಗಾರ ಅವರು. ರಾಜಕೀಯದಲ್ಲಿ ಮುಂದೆ ಇಬ್ಬರ ದಾರಿ ಬೇರೆಯಾಗಿ, 1937ರ ಚುನಾವಣೆಯಲ್ಲಿ ಎದುರುಬದುರು ನಿಂತದ್ದು ಬೇರೆ ಕತೆ.

ವಾಲಿದ ಮೇಜನ್ನು ಬಾಬಾಸಾಹೇಬರು ಹಣೆಬರಹ ಅನ್ನಲಿಲ್ಲ. ಮಹಾಡದ ಕೆರೆಗೆ ಇಳಿದರು, ಸಂವಿಧಾನದಲ್ಲಿ 17ನೇ ವಿಧಿ ಬಂತು. ಹಾಗಂತ ತಮ್ಮ ಓದಿನಲ್ಲಿ ಒಂದು ದಿನ ಸೋಮಾರಿತನ ಮಾಡಿದವರೂ ಅಲ್ಲ. ಪರೀಕ್ಷೆಯಲ್ಲಿ ಬಿದ್ದ ನಮ್ಮ ಹುಡುಗನಿಗೆ "ಎಲ್ಲ ನಿನ್ನ ತಪ್ಪೇ" ಅನ್ನುವವರು ಚೆಂಡು ಉರುಳಿಸಿ ನೋಡದವರು. "ನಮ್ಮವರಿಗೆ ಎಲ್ಲಿ ಬಿಡ್ತಾರೆ" ಅಂತಷ್ಟೇ ಹೇಳಿ ಎದ್ದುಹೋಗುವವರು ವಿಡಿಯೊ ನೋಡದವರು. ಎರಡನ್ನೂ ಮಾಡಲು ಐದು ನಿಮಿಷ ಸಾಕಿತ್ತು.

ಆಟ ಆಡಬಹುದೋ ಬಾರದೋ ಅಂತ ಕೇಳಿದವರಿಗೆ: ಆಡಿ. ಒಂದು ಕಾಲಕ್ಕೆ ಈ ಮೇಜುಗಳು ಸಾಹೇಬರ ಕ್ಲಬ್ಬುಗಳಲ್ಲಿದ್ದವು. ಸ್ನೂಕರ್ ಶುರುವಾದದ್ದೇ 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ನಡುವೆ. ಇವತ್ತು ಗಂಟೆಯ ಬಾಡಿಗೆ ಕೊಟ್ಟವರಿಗೆ ಜಾತಿ ಕೇಳದೆ ಕೋಲು ಕೊಡುತ್ತಾರೆ. ಇದನ್ನು ನಾನು ಸಣ್ಣ ಮಾತು ಅಂತ ತಿಳಿಯುವುದಿಲ್ಲ. ಬಾಜಿ ಮಾತ್ರ ಬೇಡ. ಸಿಗಾಲೋವಾದ ಸುತ್ತದಲ್ಲಿ ಜೂಜಿನ ಆರು ಕೇಡುಗಳಲ್ಲಿ ಮೊದಲನೆಯದು ಸೋತವನದ್ದಲ್ಲ, ಗೆದ್ದವನದ್ದು. ಅವನು ದ್ವೇಷ ಗಳಿಸುತ್ತಾನೆ. ಮೇಜಿನ ಬದಿಯಲ್ಲಿ ಬಿಯರ್ ಬಾಟಲಿ ಇರುವ ಜಾಗಕ್ಕೂ ಹೋಗಬೇಡಿ, ಆ ಪ್ರತಿಜ್ಞೆಯೂ 22ರಲ್ಲಿ ಇದೆ.

ಖಾಲಿ ಬಾಟಲಿ ಬೇಕಾದರೆ ನೀರಿನದು ಇಟ್ಟುಕೊಳ್ಳಿ. ಮನೆಯ ಮೇಜಿನ ಮೇಲೆ ಅದನ್ನು ಅಡ್ಡ ಮಲಗಿಸಿ, ನೇರವಾದ ತೆಳು ಕೋಲಿನ ತುದಿ ಅದರ ಬಾಯೊಳಗೆ ಅಂಚು ಮುಟ್ಟದೆ ಹೋಗಿ ಬರುವಂತೆ ತೋಳನ್ನು ಆಡಿಸುವುದು ಆಟಗಾರರ ಹಳೆಯ ಅಭ್ಯಾಸ. ಬಾಡಿಗೆ ಇಲ್ಲ, ಬಸ್ ಚಾರ್ಜ್ ಇಲ್ಲ. ಹುಡುಗ ಈಗ ಬೆಳಿಗ್ಗೆ ಧ್ಯಾನಕ್ಕೆ ಕೂತು ಎದ್ದ ಮೇಲೆ ಇಪ್ಪತ್ತು ನಿಮಿಷ ಇದನ್ನು ಮಾಡಿ, ಆಮೇಲೆ ಓದಲು ಕೂರುತ್ತಾನಂತೆ. ಮೊನ್ನೆ ಬರೆದಿದ್ದ: "ಅಣ್ಣಾ, ಐವತ್ತರಲ್ಲಿ ಹನ್ನೆರಡು ಸಲ ಅಂಚಿಗೆ ತಾಗ್ತು. ಕೊನೇ ಹತ್ತರಲ್ಲೇ ಜಾಸ್ತಿ. ಹಿಡಿತ ಬಿಗಿ ಆಗ್ತಿದೆ ಅನ್ಸುತ್ತೆ."

ಭಾನುವಾರದ ಓದಿಗೆ ಉಪಕ್ಕಿಲೇಸ ಸುತ್ತವನ್ನೇ ಇಟ್ಟುಕೊಳ್ಳೋಣ. ಹನ್ನೊಂದು ಕಾರಣಗಳಲ್ಲಿ ಇಲ್ಲಿ ಹೇಳದೆ ಬಿಟ್ಟವನ್ನು ಹಡಗಲಿ, ಹರಪನಹಳ್ಳಿಯ ಬಂಧುಗಳು ಓದಿಕೊಂಡು ಬರಬೇಕು.

ಜೈ ಭೀಮ್. ನಮೋ ಬುದ್ಧಾಯ.